ಬೀದರ, ಹುಲ್ಲಿನ ಮೇಲೆ

ಹಳೆಯ ಚೀಟಿಯಲ್ಲಿ ಇದ್ದದ್ದು ಇಷ್ಟೇ:
ಬೀದರ, ಹುಲ್ಲಿನ ಮೇಲೆ, ಶ್ರಾವಣ.
ಇಸವಿ ಇರಬೇಕಾದಲ್ಲಿ ಹುಳವೇ ತಿಂದ ತೂತು.
ಅಕ್ಕಿನುಚ್ಚಿನಷ್ಟು ಒಂದು ಜಿಗಿಹುಳು
ಮುಕ್ಕೋನ ಕಾಗದದ ತುದಿಗೆ ಅಂಟಿಕೊಂಡು
ಕಲಬುರಗಿ ಕಾಲೇಜಿನ ಕಪಾಟಿನಲ್ಲಿ
ನಾನು ಹುಟ್ಟುವ ಮೊದಲಿನಿಂದ
ಇನ್ನೇನು ಜಿಗಿದೇಬಿಡುವ ಹಾಗೆ ಕಾಲು ಮಡಚಿ ಕೂತಿತ್ತು.

ಬೀದರ ಅಂದರೆ ಯಾವ ಬೀದರ?
ಕೋಟೆ ಕಂದಕದ್ದೋ, ವಿಮಾನಪಡೆಯ ತಂತಿಬೇಲಿಯಾಚೆಯದೋ?
ಹುಲ್ಲು ಅಂದರೆ ಯಾವ ಹುಲ್ಲು?
ಬರೆದವರಿಗೆ ಆವತ್ತು ಹಸಿವಾಗಿತ್ತೋ,
ಬಸ್ಸು ಹಾರನ್ ಹೊಡೆದಿತ್ತೋ.

ಮೂರು ಶ್ರಾವಣ ಬಲೆ ಬೀಸಿದೆ,
ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ, ಕಸ ಗುಡಿಸಿದಂತೆ.
ಬಿದ್ದದ್ದು ಹತ್ತಿಹೊಲದಿಂದ ದಾರಿ ತಪ್ಪಿದ ಹಸಿರು ಜಿಗಿ,
ಜೇಡ, ಜೀರುಂಡೆಮರಿ, ನನ್ನದೇ ಓಲೆಯ ತಿರುಪು.
ಹಿಂಗಾಲಿನ ನಳಿಗೆಗುಂಟ ಮುಳ್ಳಿನ ಸಾಲು, ಸರಿ,
ಕುಲ ಇದೇ.
ಆದರೆ ನೆತ್ತಿಯ ಮೇಲೆ ಎರಡು ಕಪ್ಪು ಚುಕ್ಕೆ,
ನಡುವೆ ಕೂದಲೆಳೆಯ ಗೆರೆ,
ಅದು ಯಾವುದಕ್ಕೂ ಇಲ್ಲ.
ಜೀಪಿನ ಮಶಾಕ ಭೂತಗನ್ನಡಿ ಇಸಿದುಕೊಂಡು ನೋಡಿ,
"ಮೇಡಂ, ಇದು ಹುಳ ಅಲ್ಲ, ಧೂಳದ" ಅಂದ.

ನಾಲ್ಕನೆಯ ವರ್ಷ, ನೌಬಾದ.
ಕೆಂಪು ಮುರಕಲ್ಲಿನ ಬಯಲು,
ಕೆಳಗೆ ಸುರಂಗದಲ್ಲಿ ಹಳೆಯ ಕಾಲದ ನೀರು,
ಮೇಲೆ ಅದು ಉಸಿರಾಡುವ ಚೌಕ ಕಿಂಡಿಗಳು.
ಕುಡುಗೋಲು ಹಿಡಿದ ಜಗದೇವಿ ಎಷ್ಟೋ ಹೊತ್ತು
ನನ್ನ ಬಲೆಯಾಟ ನೋಡಿದಳು.
"ಏನ್ ಹುಡುಕ್ಲತ್ತೀರಿ?"
ಚಿತ್ರ ತೋರಿಸಿದೆ.
"ಇದಾ? ಇದು ಅಡ್ಡ ನಡಿಯಾದು.
ನೀವು ಈ ಕಡಿ ಬಂದ್ರ ಕಡ್ಡಿ ಸುತ್ತಿ ಆ ಕಡಿ ಹೋಗತದ,
ಮಾವನ ಕಂಡು ಹೊಸ ಸೊಸಿ ಕಂಬದ ಹಿಂದ ಸರದಂಗ.
ಬಲಿ ಬೀಸಿದ್ರ ಹ್ಯಾಂಗ ಸಿಗತದ?
ಕೂಡಬೇಕು."

ಕೂತೆವು.
ನಾಲ್ಕನೆಯ ಕಿಂಡಿಯ ಪೂರ್ವಕ್ಕೆ, ಕಲ್ಲಿನ ಬಿರುಕಿನಲ್ಲಿ
ಒರಟು ಹುಲ್ಲಿನ ಒಂದು ಗುಂಪು.
"ಎಮ್ಮಿ ಇದಕ ಬಾಯಿ ಹಚ್ಚಲ್ಲ.
ಅದಕ ನಾ ಇಲ್ಲಿ ಕೊಯ್ಯಲ್ಲ.
ಅದಕ ಅದು ಇಲ್ಲೇ ಅದ."
ನನ್ನ ಮೂರು ವರ್ಷದ ವರದಿಯ ಕೊನೆಯ ಪುಟ
ಆಕೆ ಎಲೆ ಅಡಿಕೆ ಉಗುಳುವ ಮುಂಚೆ ಮುಗಿಸಿದ್ದಳು.

ಇವು ಹಾಡುತ್ತವೆ, ಅಂದೆ ನಾನೂ, ಏನಾದರೂ ಹೇಳಬೇಕಲ್ಲ;
ಗಾಳಿಯಲ್ಲಲ್ಲ, ಹೊಟ್ಟೆ ನಡುಗಿಸಿ ಕಡ್ಡಿಯೊಳಗೆ;
ನಮ್ಮ ಕಿವಿಗೆ ಬರುವುದಿಲ್ಲ.
ಜಗದೇವಿ ಬಗ್ಗಿ, ಬೇರಿನಿಂದ ಕೀಳದೆ,
ಆ ಹುಲ್ಲಿನ ತುದಿಯನ್ನು ಮುಂಬಲ್ಲಿನಲ್ಲಿ ಹಿಡಿದಳು.
ಕಣ್ಣು ಮುಚ್ಚಿದಳು.
ತುಸು ಹೊತ್ತಿಗೆ ಕೈ ಎತ್ತಿ, ನನಗೆ: ಸುಮ್ಮಕಿರ್ರಿ.
ಆಮೇಲೆ ನಾನೂ ಕಚ್ಚಿದೆ.
ಕಹಿ. ಮಣ್ಣು. ನನ್ನದೇ ನಾಡಿಬಡಿತ.
ಆಕೆ ಏನು ಕೇಳಿದಳೋ, ಕೇಳಲಿಲ್ಲವೋ,
ನಾನು ಕೇಳಲಿಲ್ಲ.

ಒಂದೇ ಒಂದು ಸಿಕ್ಕಿತು, ಸೀಸೆಯ ಬಾಯಿಗೆ ತಾನೇ ನಡೆದು ಬಂದಂತೆ, ಅಡ್ಡ.
ಎರಡು ಚುಕ್ಕೆ, ನಡುವೆ ಗೆರೆ.
ರಾತ್ರಿ ವಸತಿಗೃಹದ ಮೇಜಿನ ಮೇಲೆ
ದೀಪದ ಕೆಳಗೆ ತಿರುಗಿಸಿ ನೋಡಿದರೆ
ಹೆಣ್ಣು.
ಹೆಸರು ಹೇಳಲು ಗಂಡೇ ಬೇಕು:
ಅದರ ಹೊಟ್ಟೆಯ ತುದಿ ಕೊಯ್ದು, ಕ್ಷಾರದಲ್ಲಿ ನೆನೆಸಿ,
ಒಳಗಿನ ಕೊಕ್ಕೆಯ ಬಾಗು ನೋಡಬೇಕು.
ಪುಸ್ತಕಗಳೆಲ್ಲ ಹಾಗೇ ಬರೆದಿವೆ.
"ಅಂದ್ರ ಹೆಣ್ಣಿಗಿ ಹೆಸರು ಬಿ ಇಲ್ಲೇನ್ರಿ?"
ಮಶಾಕ ಚಹಾ ಇಟ್ಟು ಹೋದ.

ಚೀಟಿ ಬರೆಯಲು ಕೂತೆ. ಉಗುರಗಲದ ಕಾಗದ.
ಬೀದರ. ನೌಬಾದ. ನಾಲ್ಕನೇ ಕಿಂಡಿ, ಪೂರ್ವಕ್ಕೆ ಹತ್ತು ಹೆಜ್ಜೆ.
ಜಾಗ ಮುಗಿಯಿತು. ಇನ್ನೊಂದು ಚೀಟಿ.
ಮುರಕಲ್ಲಿನ ಬಿರುಕಿನ ಹುಲ್ಲು, ಎಮ್ಮೆ ಮುಟ್ಟದ್ದು.
ಮತ್ತೊಂದು.
ತೋರಿಸಿದವರು: ಜಗದೇವಿ. ಇಸವಿ, ದಪ್ಪಗೆ.
ಸೂಜಿಯ ತುಂಬ ಚೀಟಿಗಳು, ಹುಳಕ್ಕಿಂತ ದೊಡ್ಡ ಮನೆ.
ಹೆಸರಿನದು ಮಾತ್ರ ಖಾಲಿ.

ಮುಂದಿನ ಶ್ರಾವಣಕ್ಕೆ ಮತ್ತೆ ಬಂದು ಕೂಡಬೇಕು.
ಅಲ್ಲಿಯತನಕ
ಆ ಎಮ್ಮೆಯ ನಾಲಿಗೆಯ ರುಚಿ ಬದಲಾಗದಿರಲಿ.